ಎದ್ದು ನಿಲ್ಲದ ಪೈಲವಾನ

ಮಾಮಲೇದಾರರು ಬಂದರೂ ನಮ್ಮಪ್ಪ ಎದ್ದು ನಿಲ್ಲುತ್ತಿರಲಿಲ್ಲ. ಮಠದ ಸ್ವಾಮಿಗಳು ಬಂದರೂ ಇಲ್ಲ, ಬೀಗರು ಬಂದರೂ ಇಲ್ಲ. ಗರಡಿಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಬೆತ್ತದ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಎಡಗೈಯನ್ನು ಎದೆಗೆ ಒತ್ತಿಕೊಂಡು ತಲೆ ಬಾಗಿಸುತ್ತಿದ್ದ. ಪಕ್ಕದ ಮರದ ಬಾಕಿನ ಕಡೆ ಕಣ್ಸನ್ನೆ ಮಾಡಿ ಕೂಡ್ರಲು ಹೇಳುತ್ತಿದ್ದ. ಆರಡಿಗೂ ಮಿಕ್ಕಿದ ಆಳು. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುದ್ದೆಯಾದ ಕಿವಿಗಳು, ತಲೆಗಿಂತ ಅಗಲವಾದ ಕತ್ತು. ಅಂಥ ದೇಹ ಕುರ್ಚಿ ತುಂಬ ಕುಳಿತು ದೊಡ್ಡವರ ಮುಂದೆ ಮಿಸುಕದೆ ಇದ್ದರೆ ಹೊಸಬರ ಕಣ್ಣಿಗೆ ಅದು ಸೊಕ್ಕಿನಂತೆಯೇ ಕಾಣುತ್ತಿತ್ತು.

ಸವಣೂರು ತಾಲೂಕಿನ ಅಧಿಕಾರಿಯಾಗಿ ಹೊಸದಾಗಿ ಬಂದ ಒಬ್ಬ ಮಾಮಲೇದಾರರು ಇದನ್ನು ಮನಸ್ಸಿಗೆ ಹಚ್ಚಿಕೊಂಡರು. ಗರಡಿಯ ಹುಡುಗರ ಕಸರತ್ತು ನೋಡಲು ಬಂದವರು, ಪೈಲವಾನರು ಕುಳಿತೇ ಇರುವುದನ್ನು ಕಂಡು ಮೋರೆ ಗಂಟಿಕ್ಕಿ ಹೊರಟರು. ಅಪ್ಪನ ಹಿರಿಯ ಶಿಷ್ಯ ಇಮಾಮಸಾಬ ಅವರ ಹಿಂದೆಯೇ ಹೋಗಿ ಸಮಾಧಾನ ಹೇಳಿದ. “ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ. ನಮ್ಮ ವಸ್ತಾದ್ರು ನಿಮಗ ಅಷ್ಟ ಅಲ್ಲ, ದೇವರಿಗೂ ಎದ್ದ ನಿಲ್ಲೂದಿಲ್ಲ. ಅವರಿಗೆ ಕುಸ್ತಿ ಕಲಿಸಿದ ವಸ್ತಾದ್ರ ಹುಕುಂ ಐತಿ.” ಅದೆಂಥ ಹುಕುಂ ಎಂದು ಕೇಳಿದ ಮಾಮಲೇದಾರರು ಇಡೀ ಕಥೆ ಕೇಳಿಕೊಂಡು ತಿರುಗಿ ಬಂದು, ಅಪ್ಪನ ಪಕ್ಕದ ಬಾಕಿನ ಮೇಲೆ ಕುಳಿತು ಚಹ ಕುಡಿದೇ ಹೋದರು. ಆ ಕಥೆಯನ್ನೇ ನಾನು ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮಪ್ಪನ ಹೆಸರು ಫಕ್ಕೀರಪ್ಪ. ಸವಣೂರಿನಲ್ಲಿ ನಮ್ಮದು ಎಲೆಬಳ್ಳಿಯ ತೋಟ, ತೋಟದ ಬದಿಗೇ ಗರಡಿಮನೆ. ವಯಸ್ಸಿನಲ್ಲಿ ಅಪ್ಪ ಕೊಲ್ಲಾಪುರ, ಸಾಂಗಲಿಯವರೆಗೂ ಕುಸ್ತಿಗೆ ಹೋಗಿ ಬಂದವನು. ಗೆದ್ದು ತಂದ ಬೆಳ್ಳಿಯ ಕಡಗ ಅವ್ವನ ಪೆಟ್ಟಿಗೆಯಲ್ಲಿತ್ತು. ಅವನ ಕುಸ್ತಿಯನ್ನು ನಾನು ನೋಡಿದವಳಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವನು ಕಲಿಸುವವನಾಗಿದ್ದ. ಹುಡುಗರು ಮಣ್ಣಿನಲ್ಲಿ ಬಿದ್ದು ಹೊರಳಾಡುವಾಗ ಅವನ ಬಾಯಿಂದ ಬರುತ್ತಿದ್ದುದು ಬಹುತೇಕ ಒಂದೇ ಮಾತು: “ದಮ್ ಉಳಿಸ್ಕೋ.” ಪಟ್ಟುಗಳನ್ನು ಯಾರು ಬೇಕಾದರೂ ಕಲಿಸಬಹುದು, ಉಸಿರನ್ನು ಕಾಪಾಡಿಕೊಳ್ಳುವುದನ್ನು ಕಲಿಸುವವನೇ ವಸ್ತಾದ ಎಂದು ಅವನ ನಂಬಿಕೆ. ಆದರೆ ಊಟದ ವಿಷಯದಲ್ಲಿ ಅವನಿಗೆ ಹಿಡಿತವೆಂಬುದೇ ಇರಲಿಲ್ಲ. ಇಮಾಮಸಾಬನ ಮನೆಯವರು ಕಡಲೆಹಿಟ್ಟಿನ ಖಾರಾ ಕರಿದು ಮಾರುವವರು. ಸಂಜೆಯಾದರೆ ಅವರ ಮನೆಯಿಂದ ಬಿಸಿ ಖಾರಾ ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಅಪ್ಪ ಅದಕ್ಕೆ ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿಕೊಂಡು, ಮೇಲೆ ಮತ್ತಷ್ಟು ಉಪ್ಪು ಉದುರಿಸಿಕೊಂಡು ತಿನ್ನುತ್ತಿದ್ದ.

ನಾನು ಆಗ ಸವಣೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಮದುವೆಯಾಗಿರಲಿಲ್ಲ. ಮುಂಬೈ ಸರಕಾರ ಹೋಗಿ ನಮ್ಮ ಕಡೆಗೆ ಮೈಸೂರು ಸರಕಾರ ಬಂದ ಹೊಸತು. ಒಂದು ಮುಂಜಾನೆ ಶಾಲೆಗೆ ಹೊರಡಲು ಜಡೆ ಹೆಣೆದುಕೊಳ್ಳುತ್ತಿದ್ದಾಗ ಗರಡಿಯ ಕಡೆಯಿಂದ ಇಮಾಮಸಾಬ ಓಡಿ ಬಂದ. ಅಪ್ಪ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ ಕಲಸಿ ಸಲಿಕೆಯಿಂದ ಹದ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಸಲಿಕೆ ಕೈಬಿಟ್ಟು ಆ ಮಣ್ಣಿನ ಮೇಲೆಯೇ ಕುಸಿದಿದ್ದ. ನಾವು ಹೋಗಿ ನೋಡುವಾಗ ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ, ಬಲಗಾಲು ಬೇರೆ ಯಾರವೋ ಎಂಬಂತೆ ಬಿದ್ದಿದ್ದವು. ಏನೋ ಹೇಳುತ್ತಿದ್ದ, ಮಾತು ತಿಳಿಯುತ್ತಿರಲಿಲ್ಲ. ಕಣ್ಣು ಮಾತ್ರ ನನ್ನನ್ನು ಗುರುತು ಹಿಡಿದವು.

ಲಕ್ವಾ ಹೊಡೆದಿದೆ ಎಂದು ಊರಿಗೆ ಊರೇ ಹೇಳಿತು. ಮಧ್ಯಾಹ್ನದೊಳಗೆ ಪಡಸಾಲೆ ತುಂಬಿತು. ಪಾರಿವಾಳದ ರಕ್ತ ತಿಕ್ಕಬೇಕೆಂದು ಒಬ್ಬರು, ಬರೆ ಹಾಕಿಸಬೇಕೆಂದು ಇನ್ನೊಬ್ಬರು. ಗರಡಿಯ ಹುಡುಗರು ಎಣ್ಣೆ ಕಾಯಿಸಿಟ್ಟುಕೊಂಡು, ಜೋರಾಗಿ ತಿಕ್ಕಿ ಎಬ್ಬಿಸಿ ನಿಲ್ಲಿಸಿದರೆ ವಸ್ತಾದರ ಕಾಲಿಗೆ ತಾನಾಗಿ ಬಲ ಬರುತ್ತದೆಂದು ಕಾಯುತ್ತಿದ್ದರು. ಅವ್ವ ಯಾರು ಏನು ಹೇಳಿದರೂ ಹೂಂ ಎನ್ನುವ ಸ್ಥಿತಿಯಲ್ಲಿದ್ದಳು. ನಾನು ಇಮಾಮಸಾಬನನ್ನು ದವಾಖಾನೆಗೆ ಓಡಿಸಿದೆ.

ಡಾಕ್ಟರ್ ಸಾಹೇಬರು ಸಣ್ಣ ಆಳು. ಧಾರವಾಡದ ಕಡೆಯವರು, ಸೈಕಲ್ಲಿನ ಮೇಲೆ ಬಂದರು. ಎಲ್ಲರೂ ಅಪ್ಪನ ಕೈ ತೋರಿಸಿದರು, ಕಾಲು ತೋರಿಸಿದರು. ಅವರು ಕೈಕಾಲುಗಳನ್ನು ಒಂದು ಸಲ ಎತ್ತಿ ನೋಡಿ, ನಾಲಿಗೆ ನೋಡಿ, ಕಣ್ಣು ನೋಡಿ, ಆಮೇಲೆ ಎದೆಗೆ ನಳಿಗೆ ಇಟ್ಟು ಕುಳಿತವರು ಏಳಲೇ ಇಲ್ಲ. ನಾಡಿಯ ಮೇಲೆ ಒಂದು ಕೈ, ಎದೆಯ ಮೇಲೆ ನಳಿಗೆ, ಕಣ್ಣು ಮುಚ್ಚಿದ್ದವು. ಪಡಸಾಲೆಯ ಗದ್ದಲ ತಾನಾಗಿ ಅಡಗಿತು. ಕಡೆಗೆ ಅವ್ವನೇ, ಕೈಕಾಲು ಬಿಟ್ಟು ಎದೆ ಯಾಕೆ ನೋಡುತ್ತೀರಿ ಎಂದು ಕೇಳಿದಳು.

“ಕೈಕಾಲು ಎಲ್ಲಿಗೂ ಹೋಗೂದಿಲ್ಲವಾ. ಅವು ಕಾಯ್ತಾವ. ಎದಿ ಕಾಯೂದಿಲ್ಲ,” ಎಂದರು ಡಾಕ್ಟರು.

ಎಲ್ಲರನ್ನೂ ಹೊರಗೆ ಕಳಿಸಿ ನಮ್ಮಿಬ್ಬರಿಗೆ ಬಿಡಿಸಿ ಹೇಳಿದರು. ರಕ್ತದ ಒತ್ತಡ ಬಹಳ ದಿನದಿಂದ ಏರಿದೆ. ಅದರ ಭಾರ ಹೊತ್ತು ಹೊತ್ತು ಹೃದಯ ಹಿಗ್ಗಿದೆ, ದಣಿದಿದೆ, ಈಗ ಅದರ ಬಡಿತದ ಲಯವೂ ತಪ್ಪಿದೆ. ಲಕ್ವಾ ಎಂದರೆ ಮಿದುಳಿಗೆ ಬಿದ್ದ ಪೆಟ್ಟು, ಅದರಿಂದ ಪಾರಾದ ಎಷ್ಟೋ ಜನ, ಇನ್ನೇನು ಎದ್ದು ಓಡಾಡುತ್ತಾರೆ ಎನ್ನುವಾಗ ಹೃದಯ ಸೋತು ಹೋದದ್ದನ್ನು ತಾವು ಕಂಡಿರುವುದಾಗಿ ಹೇಳಿದರು. ಮನೆಯವರು ಕೈಕಾಲಿನ ಚಿಂತೆಯಲ್ಲಿ ರೋಗಿಯನ್ನು ಎಬ್ಬಿಸಿ, ನಡೆಸಿ, ತಿಕ್ಕಿ, ಬೆವರಿಳಿಸಿ ದಣಿಸುತ್ತಾರೆ. ಒಳಗೆ ದಣಿಯುತ್ತಿರುವುದು ಯಾವುದೆಂದು ನೋಡುವುದಿಲ್ಲ. ಅದಕ್ಕೇ ಮೊದಲು ಎದೆಯನ್ನು ಕಾಪಾಡಬೇಕು, ಕೈಕಾಲನ್ನು ಅದರ ಬೆನ್ನ ಹಿಂದೆ ತರಬೇಕು.

ಅವರು ಹಾಕಿದ ಕಟ್ಟಳೆಗಳು ನಮ್ಮ ಮನೆಯಲ್ಲಿ ಕಾನೂನಿನಂತೆ ಜಾರಿಯಾದವು. ಉಪ್ಪು ಬಂದ್. ಬೆನ್ನಿಗೆ ದಿಂಬುಗಳನ್ನು ಏರಿಸಿ ಒರಗಿಸಿಯೇ ಮಲಗಿಸಬೇಕು. ಹೊತ್ತು ಹೊತ್ತಿಗೆ ಮಗ್ಗಲು ಬದಲಿಸಬೇಕು. ಸೋತ ಕೈಕಾಲುಗಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು, ಆದರೆ ಆ ಕೆಲಸ ನಮ್ಮದು, ಅವನು ಬಲ ಹಾಕಬಾರದು. ಹೊರಕಡೆಗೆ ಕುಳಿತಾಗ ತಿಣುಕುವಂತಾಗಬಾರದು, ಅದಕ್ಕೆ ಹೊಟ್ಟೆ ಸಡಿಲವಾಗುವಂಥ ಊಟ. ನೋಡಲು ಬಂದವರು ಹೊಸಿಲಿನ ಹೊರಗೆ. ಬಡಿತ ಹದಕ್ಕೆ ತರುವ ಗುಳಿಗೆಯನ್ನು ಕೊಡುವ ಮುಂಚೆ ನಾಡಿ ನೋಡಲೇಬೇಕು. ನಾಡಿ ನೋಡುವುದನ್ನು ಅವರು ನನಗೆ ಕಲಿಸಿದರು. ಬೆರಳು ಎಲ್ಲಿ ಇಡಬೇಕು, ಎಷ್ಟು ಒತ್ತಬೇಕು, ತಾಳ ತಪ್ಪಿ ಬಡಿಯುವುದೆಂದರೆ ಹೇಗಿರುತ್ತದೆ ಎಂದು ನನ್ನ ಬೆರಳಿನ ಮೇಲೆ ತಮ್ಮ ಬೆರಳಿನಿಂದ ಬಡಿದು ತೋರಿಸಿದರು.

ಅಪ್ಪನ ಮಾತು ಸ್ವಲ್ಪ ಸ್ವಲ್ಪವಾಗಿ ತಿರುಗಿತು. ಆದರೆ ನಾಲಿಗೆ ದಪ್ಪವಾದಂತೆ ತೊದಲುತ್ತಿತ್ತು. ನನ್ನನ್ನು, ಅವ್ವನನ್ನು ಮತ್ತು ಇಮಾಮಸಾಬನನ್ನು ಬಿಟ್ಟರೆ ಇತರರಿಗೆ ತಿಳಿಯುವುದು ಕಷ್ಟ. ಉಪ್ಪಿಲ್ಲದ ಜೋಳದ ರೊಟ್ಟಿ, ಉಪ್ಪಿಲ್ಲದ ಬೇಳೆ ಮುಂದಿಟ್ಟಾಗ ಮೊದಲ ಸಲ ಅವನು ತಟ್ಟೆಯನ್ನೇ ನೋಡುತ್ತ ಕುಳಿತ. ಆಮೇಲೆ ಎಡಗೈಯಲ್ಲಿ ತುತ್ತು ಮುರಿದು ಬಾಯಿಗಿಟ್ಟುಕೊಂಡು, ನುಂಗಿ, “ಮಣ್ಣ ತಿಂದೇನಿ, ಇದೇನ್ ದೊಡ್ಡದು,” ಎಂದ. ಖಾರಾ ಮಾಡುವ ಮನೆಯವನಾದ ಇಮಾಮಸಾಬ ಅವತ್ತಿನಿಂದ ನಮ್ಮ ಮನೆಗೆ ಬರುವಾಗ ಅಂಗಿ ಬದಲಿಸಿಕೊಂಡು ಬರುತ್ತಿದ್ದ, ವಸ್ತಾದರಿಗೆ ವಾಸನೆ ಬರಬಾರದೆಂದು.

ಒಂದಿಷ್ಟು ವಾರ ಹೋದ ಮೇಲೆ ಕಾಲು ಇಳಿಬಿಟ್ಟು ಕೂಡ್ರಿಸಲು ಡಾಕ್ಟರು ಒಪ್ಪಿಕೊಂಡರು. ಕುಳಿತ ಮೇಲೆ ನಾಡಿ ಓಡಿದರೆ ಮತ್ತೆ ಒರಗಿಸಬೇಕು. ಹೀಗೆ ಕೂಡ್ರುತ್ತ ಒರಗುತ್ತ ಇರುವಾಗಲೇ ಆ ಸಂಗತಿ ನಡೆದದ್ದು.

ಅಪ್ಪನಿಗೆ ಕುಸ್ತಿ ಕಲಿಸಿದ ದೊಡ್ಡ ವಸ್ತಾದರು ಮೀರಜದ ಕಡೆಯವರು. ಬಹಳ ವಯಸ್ಸಾದವರು. ಶಿಷ್ಯನಿಗೆ ಲಕ್ವಾ ಹೊಡೆದ ಸುದ್ದಿ ಹೇಗೋ ಮುಟ್ಟಿ, ಮೊಮ್ಮಗನ ಕೈ ಹಿಡಿದುಕೊಂಡು ರೈಲು, ಬಸ್ಸು ಹತ್ತಿ ಬಂದುಬಿಟ್ಟರು. ಇಳಿಹೊತ್ತು. ಅಪ್ಪ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಿದ್ದ. ಬಾಗಿಲಲ್ಲಿ ಬಿಳಿ ಗಡ್ಡದ, ಬಾಗಿದ ಬೆನ್ನಿನ ಮುದುಕ ಕಾಣಿಸಿದ್ದೇ ತಡ, ನಾನು ತಡೆಯುವುದರೊಳಗೆ ಎಡಗಾಲಿನ ಮೇಲೆ ಎದ್ದು ನಿಂತ. ನಿಂತದ್ದಷ್ಟೇ ಅಲ್ಲ, ಅವರ ಕಾಲು ಮುಟ್ಟಲು ಬಾಗಿದ. ಬಾಗಿದವನು ಹಾಗೆಯೇ ಮುಂದಕ್ಕೆ ಬಿದ್ದ.

ಎತ್ತಿ ಮಂಚಕ್ಕೆ ಒರಗಿಸುವಾಗ ತುಟಿ ನೀಲಿಯಾಗಿದ್ದವು. ಉಸಿರು ಗೊರ ಗೊರ ಎನ್ನುತ್ತಿತ್ತು. ಬಾಯಿಯ ತುದಿಯಲ್ಲಿ ನೊರೆ. ಮಲಗಿಸಲು ಹೋದರೆ ಕಣ್ಣು ಹೊರಳಿಸಿ ಎದ್ದು ಕೂಡ್ರಲು ಒದ್ದಾಡುತ್ತಿದ್ದ. ಡಾಕ್ಟರು ಬಂದು, ಕಾಲು ಇಳಿಬಿಟ್ಟೇ ನೆಟ್ಟಗೆ ಕೂಡ್ರಿಸಿ, ಚುಚ್ಚುಮದ್ದು ಕೊಟ್ಟರು. ಅವ್ವನ ಹಳೇ ಸೀರೆ ಹರಿದು ಪಟ್ಟಿ ಮಾಡಿ ತೊಡೆಗಳಿಗೂ ತೋಳಿಗೂ ಕಟ್ಟಿದರು. ಎದೆಗೆ ತಿರುಗಿ ಬರುವ ರಕ್ತವನ್ನು ಅಷ್ಟು ಹೊತ್ತು ಕೈಕಾಲಿನಲ್ಲೇ ತಡೆದು ಹಿಡಿಯಬೇಕೆಂದರು. ಒಂದೊಂದು ಪಟ್ಟಿಯನ್ನು ಸರದಿಯ ಮೇಲೆ ಬಿಚ್ಚುವುದು, ಮತ್ತೆ ಕಟ್ಟುವುದು. ಇಮಾಮಸಾಬ ಹಿಂದೆ ಕುಳಿತು ಅಪ್ಪನ ಬೆನ್ನಿಗೆ ತನ್ನ ಎದೆ ಆನಿಸಿ ಹಿಡಿದಿದ್ದ. ದೀಪ ಹಚ್ಚುವ ಹೊತ್ತಿಗೆ ಉಸಿರು ತಿಳಿಯಾಯಿತು. ಡಾಕ್ಟರು ಬೆವರು ಒರೆಸಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. ಆಗ ನನಗೆ ತಿಳಿಯಿತು, ಅಲ್ಲಿಯವರೆಗೆ ಅವರೂ ಆಸೆ ಬಿಟ್ಟಿದ್ದರೆಂದು.

ಮರುದಿನ ದೊಡ್ಡ ವಸ್ತಾದರು ಅಪ್ಪನ ಮಂಚದ ಬಳಿ ಬಂದರು. ಕುರ್ಚಿ ಹಾಕಿದರೆ ಬೇಡವೆಂದು ನೆಲದ ಮೇಲೆ ಕುಳಿತರು. ಗುರು ನೆಲದ ಮೇಲೆ, ಶಿಷ್ಯ ಮಂಚದ ಮೇಲೆ. ಅಪ್ಪ ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿದ. ವಸ್ತಾದರು ಅವನ ಸೋತ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

“ಫಕ್ಕೀರಾ, ಇಷ್ಟ ದಿನಾ ನಿನಗ ಏಳೂದ ಕಲಿಸಿದ್ನಿ. ಇವತ್ತ ಕುಂದ್ರೂದ ಕಲಿಸ್ತೇನಿ. ಇನ್ನ ಮ್ಯಾಲೆ ಯಾರ ಬಂದ್ರೂ ನೀ ಏಳಬಾರ್ದು. ನಾ ಬಂದ್ರೂ ಏಳಬಾರ್ದು. ಇದು ನನ್ನ ಹುಕುಂ.”

ಅಪ್ಪ ಕಣ್ಣಲ್ಲಿ ನೀರು ತಂದುಕೊಂಡು ಹೂಂ ಎಂದ. ಅವತ್ತಿನಿಂದ ಅವನು ಯಾರಿಗೂ ಏಳಲಿಲ್ಲ. ಕೈಕಾಲಿಗೆ ತಕ್ಕಮಟ್ಟಿಗೆ ಬಲ ಬಂದು, ಕೋಲು ಹಿಡಿದು ತೋಟದವರೆಗೆ ನಡೆಯುವಂತಾದ ಮೇಲೂ ಏಳಲಿಲ್ಲ. ತನ್ನ ಕೆಲಸಕ್ಕೆ ಏಳುತ್ತಿದ್ದ, ಮೊದಲು ಕಾಲು ಇಳಿಬಿಟ್ಟು ಉಸಿರು ಕೂಡಿಸಿಕೊಂಡು, ಆಮೇಲೆ ಕೋಲಿಗೆ ಭಾರ ಹಾಕಿ, ಸಾವಕಾಶವಾಗಿ. ಮರ್ಯಾದೆಗೆಂದು ಮಾತ್ರ ಏಳಲಿಲ್ಲ. ಪ್ರತಿ ಮುಂಜಾನೆ ನಾನು ಶಾಲೆಗೆ ಹೋಗುವ ಮುಂಚೆ ನಾಡಿ ನೋಡಿ “ಇವತ್ತ ಬಾವಿತನಕ” ಎಂದರೆ ಬಾವಿಯವರೆಗೆ ಹೋಗುತ್ತಿದ್ದ. “ಇವತ್ತ ಇಲ್ಲಪಾ” ಎಂದರೆ ಮರುಮಾತಿಲ್ಲದೆ ಕುರ್ಚಿಯಲ್ಲಿ ಕೂಡ್ರುತ್ತಿದ್ದ. ಇಡೀ ಊರಿಗೆ ಮಣ್ಣು ಮುಕ್ಕಿಸಿದ ಮನುಷ್ಯ ಮಗಳ ಬೆರಳಿನ ಮಾತು ಕೇಳುತ್ತಾನಲ್ಲ ಎಂದು ಗರಡಿಯ ಹುಡುಗರು ಬೆರಗಾಗುತ್ತಿದ್ದರು.

ಮುಂದೆ ಡಾಕ್ಟರ್ ಸಾಹೇಬರಿಗೆ ಅಪ್ಪ ಬೇರೊಂದು ಕೆಲಸಕ್ಕೆ ಬಂದ. ಶಿಗ್ಗಾಂವಿಯಲ್ಲಿ ಅವರ ಗುರುತಿನ ಒಬ್ಬ ಅರಳೆ ವ್ಯಾಪಾರಸ್ಥರಿಗೆ ಲಕ್ವಾ ಹೊಡೆದಿತ್ತು. ಅಂಗಡಿಗೆ ಹೋಗಿ ಗಾದಿಯ ಮೇಲೆ ಕೂಡ್ರಬೇಕೆಂಬ ಅವಸರ ಅವರಿಗೆ. ಡಾಕ್ಟರು ಎದೆಯ ಮಾತು ತೆಗೆದರೆ, ಸಣ್ಣ ಆಳು ಹೆದರಿಸುತ್ತಾನೆ ಎಂದು ನಗುತ್ತಿದ್ದರಂತೆ. ಒಂದು ರವಿವಾರ ಡಾಕ್ಟರು ಅಪ್ಪನನ್ನೂ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಅಪ್ಪ ಅವರ ಮಂಚದ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಕುಳಿತ, ಅಷ್ಟೆ. ಇಂಥ ದೇಹದವನೂ ಹೆದರಿ ಕುಳಿತಿದ್ದಾನೆಯೇ ಎಂದು ವ್ಯಾಪಾರಸ್ಥರು ನೋಡುತ್ತಲೇ ಇದ್ದರು. ಅಪ್ಪ ತೊದಲುತ್ತ ಹೇಳಿದ್ದನ್ನು ನಾನು ತಿರುಗಿ ಹೇಳಿದೆ. “ಹೆದರಿಕಿ ಅಲ್ರಿ ಸಾವ್ಕಾರ್ರ. ಎದುರಾಳಿ ಯಾರಂತ ಗೊತ್ತಾಗೂಮಟ ಮೈಮ್ಯಾಲೆ ಹೋಗಬಾರ್ದು.” ಸಾವ್ಕಾರರು ಆ ಸಂಜೆಯೇ ಉಪ್ಪು ಬಿಟ್ಟರು. ಡಾಕ್ಟರು ತಿಂಗಳುಗಟ್ಟಲೆ ಹೇಳಿದ್ದು ಆಗಲಿಲ್ಲ, ಪೈಲವಾನ ಬಂದು ಕುಳಿತದ್ದಕ್ಕೆ ಆಯಿತು ಎಂದು ಡಾಕ್ಟರೇ ದಾರಿಯುದ್ದಕ್ಕೂ ನಗುತ್ತ ಬಂದರು. ಅವರಿಗೆ ಅದರಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ರೋಗಿ ಉಳಿದರೆ ಸಾಕು ಎನ್ನುವ ಜಾತಿಯವರು.

ಹೀಗೆ ಸುದ್ದಿ ಹರಡಿತು. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ದವಾಖಾನೆಯವರು ಹೇಳಿ ಕಳಿಸುತ್ತಿದ್ದರು. ಬಿಡುವಿನ ದಿನ ನಾವು ಹೋಗುತ್ತಿದ್ದೆವು. ಬಸ್ಸಿನವರು ಮುಂದಿನ ಸೀಟು ಬಿಟ್ಟುಕೊಡುತ್ತಿದ್ದರು, ಅಪ್ಪ ಹತ್ತಿ ಕುಳಿತು ಉಸಿರು ಕೂಡಿಸಿಕೊಳ್ಳುವವರೆಗೆ ಗಾಡಿ ಬಿಡುತ್ತಿರಲಿಲ್ಲ. ಅಪ್ಪ ಔಷಧ ಹೇಳುತ್ತಿರಲಿಲ್ಲ, ಕೇಳಿದರೆ ಡಾಕ್ಟರ ಕಡೆ ಬೆರಳು ಮಾಡುತ್ತಿದ್ದ. ಅವನ ಕೆಲಸ ಕೂಡ್ರುವುದು, ಅವಸರ ಮಾಡುವವರನ್ನು ತಡೆಯುವುದು.

ಇದರಲ್ಲೆಲ್ಲ ನನಗೆ ಮರೆಯಲಾಗದ್ದು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ವೀರಭದ್ರಪ್ಪನವರ ಮನೆ. ಒಕ್ಕಲುತನದ ದೊಡ್ಡ ಮನೆ. ಅವರಿಗೆ ಲಕ್ವಾ ಹೊಡೆದು ಎರಡು ತಿಂಗಳೂ ಆಗಿರಲಿಲ್ಲ, ಮಗಳು ಶಾಂತವ್ವನ ಮದುವೆ ಹತ್ತಿರ ಬಂದಿತ್ತು. ಊರ ಗುಡಿಯ ಮುಂದೆ ಮದುವೆಯ ಹಂದರ. ಅಲ್ಲಿಯವರೆಗೆ ಮೆರವಣಿಗೆಯಲ್ಲಿ ನಡೆದುಹೋಗಿ, ನಿಂತುಕೊಂಡು ಮಗಳನ್ನು ಕೊಡಬೇಕೆಂದು ವೀರಭದ್ರಪ್ಪನವರ ಹಟ. ಅವರ ಎದೆಯೂ ಅಪ್ಪನದರಂತೆ ಹಿಗ್ಗಿದ ಎದೆ. ಅಲ್ಲಿನ ಡಾಕ್ಟರು ಬೇಡವೆಂದರೂ ಅವರು ದನದ ಕೊಟ್ಟಿಗೆಯ ಹಿಂದೆ ಮಕ್ಕಳ ಹೆಗಲು ಹಿಡಿದು ನಡೆಯುವ ರೂಢಿ ಮಾಡುತ್ತಿದ್ದರು. ಮದುವೆಯ ಹಿಂದಿನ ದಿನ ನಾವು ಹೋದಾಗ ಹಾಗೆ ನಡೆದು ಬಂದು ಆಗಷ್ಟೇ ಕುಳಿತಿದ್ದರು. ಮುಖ ಬೂದಿಯ ಬಣ್ಣ. ಅಪ್ಪ ನನ್ನ ಕಡೆ ನೋಡಿದ, ನಾನು ಅವರ ಮಣಿಕಟ್ಟು ಹಿಡಿದೆ. ನಾಡಿ ಓಡುತ್ತಿತ್ತು, ನಡುನಡುವೆ ತಪ್ಪುತ್ತಿತ್ತು, ಮತ್ತೆ ಒಟ್ಟಿಗೆ ನುಗ್ಗುತ್ತಿತ್ತು. ನಾನು ಅಪ್ಪನಿಗೆ ತಲೆ ಅಲ್ಲಾಡಿಸಿ ತೋರಿಸಿದೆ.

ಮನೆಯಲ್ಲಿಯೇ, ವೀರಭದ್ರಪ್ಪನವರು ಕುಳಿತಲ್ಲಿಯೇ ಅಕ್ಕಿಕಾಳು ಬಿದ್ದು ಮದುವೆ ಆಗಲಿ ಎಂದು ಅಪ್ಪ ಸೂಚಿಸಿದ. ಅಪ್ಪನ ಪಕ್ಕದಲ್ಲೇ ಊಟ ಮುಗಿಸಿ ಕುಳಿತಿದ್ದ ಗಂಡಿನ ಸೋದರಮಾವ ಒಪ್ಪಲಿಲ್ಲ. ಹಾಸಿಗೆ ಹಿಡಿದವರ ಮುಂದೆ ಶುಭಕಾರ್ಯ ಮಾಡುವುದು ತಮ್ಮ ಮನೆತನದಲ್ಲಿ ಇಲ್ಲ, ಅವರಿಗೆ ಆಗದಿದ್ದರೆ ತಮ್ಮಂದಿರು ಯಾರಾದರೂ ನಿಂತು ಕೊಡಲಿ ಎಂದರು. ವೀರಭದ್ರಪ್ಪನವರು ಆ ಮಾತು ಕೇಳಿ ಗೋಡೆ ಹಿಡಿದು ಏಳಲು ಹೋದರು. ಅಪ್ಪ ತನ್ನ ಎಡಗೈಯನ್ನು ಅವರ ತೊಡೆಯ ಮೇಲೆ ಇಟ್ಟ. ಅದು ಬರೀ ಒಂದು ಕೈ, ಆದರೂ ಅವರಿಗೆ ಏಳಲಾಗಲಿಲ್ಲ.

“ನಾನೂ ಹಾಸಿಗಿ ಹಿಡದಾವನ. ನನ್ನ ಮಗ್ಗಲದಾಗ ಕುಂತ ಈಗ ಉಂಡ್ರೆಲ್ಲ?” ಎಂದ ಅಪ್ಪ ಆ ಸೋದರಮಾವನಿಗೆ. ನಾನು ಅದನ್ನು ತಿರುಗಿ ಸ್ಪಷ್ಟವಾಗಿ ಹೇಳಿದೆ. ಅದರ ಬೆನ್ನಿಗೇ ಅಪ್ಪ ಇನ್ನೊಂದು ಮಾತು ಹೇಳಿದ. ಅದನ್ನು ತಿರುಗಿ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹೇಳು ಎಂದು ಅಪ್ಪ ಕಣ್ಣು ಮಾಡಿದ. ಹೇಳಿದೆ. “ಇವರು ನಾಳೆ ಗುಡಿತನಕಾ ನಡದ್ರ ಹಂದರದಾಗ ಮದಿವಿ ಆಗೂದಿಲ್ರಿ. ಇವರ ಸಾವಿನ ದಿವಸಾ ಆಗ್ತೈತಿ.”

ಒಳಗಿನ ಬಾಗಿಲಿನಿಂದ, ಅರಿಷಿಣ ಹಚ್ಚಿಕೊಂಡು ನಿಂತಿದ್ದ ಶಾಂತವ್ವ ಮಾತಾಡಿದಳು. “ಅಪ್ಪ ಕುಂತಲ್ಲೇ ಆಗ್ಲಿ. ಇಲ್ಲಂದ್ರ ನನಗ ಈ ಮದಿವೀನ ಬ್ಯಾಡ.”

ಗಂಡು ಯಾರೋ ನಾನು ಅವತ್ತು ನೋಡಿರಲಿಲ್ಲ. ಸಂಜೆ ಅವನೇ ಸೋದರಮಾವನನ್ನು ಬದಿಗೆ ಕರೆದು ಒಪ್ಪಿಸಿದನೆಂದು ತಿಳಿಯಿತು. ಮರುದಿನ ಮದುವೆ ಪಡಸಾಲೆಯಲ್ಲೇ ಆಯಿತು. ವೀರಭದ್ರಪ್ಪನವರು ದಿಂಬಿಗೆ ಒರಗಿ ಕುಳಿತಿದ್ದರು, ಪಕ್ಕದಲ್ಲಿ ಅಪ್ಪ. ಅವರ ಎಡ ಮಣಿಕಟ್ಟಿನ ಮೇಲೆ ನನ್ನ ಬೆರಳು. ಮಗಳ ಕೈಯನ್ನು ಅಳಿಯನ ಕೈಗೆ ಕೊಡುವಾಗ ಅವರಿಗೆ ದುಃಖ ಉಕ್ಕಿ ಬಂತು, ನಾಡಿ ನನ್ನ ಬೆರಳಿನ ಕೆಳಗೆ ನೆಗೆಯಿತು. ಅಪ್ಪ ಅವರ ಕಿವಿಯ ಹತ್ತಿರ ಬಾಗಿ ಗರಡಿಯ ಹುಡುಗರಿಗೆ ಹೇಳುವ ಹಾಗೆಯೇ ಹೇಳಿದ: “ದಮ್ ಉಳಿಸ್ಕೊಳ್ರಿ. ಮೊಮ್ಮಕ್ಕಳನ್ನ ನೋಡಬೇಕು.” ಅವರು ಕಣ್ಣು ಮುಚ್ಚಿ ಉದ್ದವಾಗಿ ಉಸಿರು ಬಿಟ್ಟರು. ನಾಡಿ ಇಳಿಯಿತು. ಸುತ್ತಲೂ ಅಕ್ಕಿಕಾಳು ಬೀಳುತ್ತಿದ್ದವು, ನಮ್ಮಪ್ಪನ ಮುದ್ದೆಗಿವಿಯ ಮೇಲೂ ಎರಡು ಕಾಳು ಕುಳಿತಿದ್ದವು.

ಅಪ್ಪನ ಕುಸ್ತಿ ನೋಡಲಿಲ್ಲವೆಂಬ ಕೊರಗು ನನಗಿತ್ತು. ಅವತ್ತು ಹೋಯಿತು. ಬೆಳ್ಳಿಯ ಕಡಗ ಗೆದ್ದ ದಿನವೂ ಅವನು ಅಷ್ಟು ದೊಡ್ಡವನಾಗಿ ಕಂಡಿರಲಿಕ್ಕಿಲ್ಲ ಎಂದು ಈಗಲೂ ನಾನು ನಂಬಿದ್ದೇನೆ. ವೀರಭದ್ರಪ್ಪನವರು ಮೊಮ್ಮಕ್ಕಳನ್ನು ನೋಡಿದರು, ಆಡಿಸಿದರು.

ಆಮೇಲೆ ನನ್ನ ಮದುವೆಯಾಗಿ ನಾನು ಹಾನಗಲ್ಲಿಗೆ ಬಂದೆ. ಡಾಕ್ಟರ್ ಸಾಹೇಬರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಹೋಗುವ ಮುಂಚೆ ಗರಡಿಗೆ ಬಂದು, ಎಲ್ಲ ಹುಡುಗರ ಎದುರಿಗೆ ಅಪ್ಪನ ಎದೆಗೆ ಕೊನೆಯ ಸಲ ನಳಿಗೆ ಇಟ್ಟು ನೋಡಿ, “ಇಂಥಾ ಸೋತ ಎದಿ ಇಟಗೊಂಡು ಇಷ್ಟ ಮಂದೀನ್ನ ಉಳಿಸಿದಾವ್ರನ್ನ ನಾ ಎಲ್ಲೂ ನೋಡಿಲ್ಲ,” ಎಂದರಂತೆ. ಇದನ್ನು ಇಮಾಮಸಾಬ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ನಾನು ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ಕೇಳುತ್ತೇನೆ. ನಾಡಿ ನೋಡುವುದನ್ನು ನಾನು ಇಮಾಮಸಾಬನಿಗೆ ಕಲಿಸಿ ಬಂದಿದ್ದೆ, ಅಪ್ಪನ ಓಡಾಟಕ್ಕೆ ನನ್ನ ಜಾಗದಲ್ಲಿ ಅವನು.

ಕಡೆಯ ಸಲ ಅಪ್ಪ ನಮ್ಮ ಮನೆಗೆ ಬಂದದ್ದು ಮಳೆಗಾಲ ಮುಗಿದು ಗದ್ದೆಗಳು ಹಾಲುಗಾಳು ಕಟ್ಟುವ ಹೊತ್ತಿನಲ್ಲಿ. ಆಡೂರಿನಲ್ಲಿ ಗಿರಿಯಪ್ಪ ಎಂಬ ರೈತನಿಗೆ ಲಕ್ವಾ ಹೊಡೆದಿತ್ತು. ಅವನನ್ನು ಮರುದಿನ ಮೊದಲ ಸಲ ಕೂಡ್ರಿಸುವವರಿದ್ದರು. ಅಲ್ಲಿಗೆ ಹೋಗುವ ದಾರಿಯಲ್ಲಿ ಅಪ್ಪ ಇಮಾಮಸಾಬನೊಂದಿಗೆ ನಮ್ಮಲ್ಲಿ ಇಳಿದುಕೊಂಡಿದ್ದ. ನನ್ನ ಮಗನನ್ನು ಎಡತೊಡೆಯ ಮೇಲೆ ಕೂಡ್ರಿಸಿಕೊಂಡು ಬಹಳ ಹೊತ್ತು ಆಡಿಸಿದ. ಪಾದಗಳು ಬಾತಿರುವುದನ್ನು ನಾನು ನೋಡಿದೆ. ಮುಂಜಾನೆ ಚಹ ಕೊಟ್ಟು, ಕೇಳದೆಯೇ ಅವನ ಮಣಿಕಟ್ಟು ಹಿಡಿದೆ. ಬಹಳ ದಿನದಿಂದ ಪರಿಚಯದ ನಾಡಿ ಅದು. ಅದರ ತಾಳ ಕೆಟ್ಟಿತ್ತು, ಮೊದಲಿನ ಹಾಗಲ್ಲ, ಬಹಳ ಕೆಟ್ಟಿತ್ತು. ನಾನು ತಲೆ ಎತ್ತಿದೆ. ನನಗೆ ತಿಳಿಯಿತೆಂಬುದು ಅವನಿಗೂ ತಿಳಿಯಿತು.

“ಇವತ್ತ ಇಲ್ಲಪಾ,” ಎಂದೆ.

ನನ್ನ ಆ ಮಾತನ್ನು ಅವನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಮೀರಿದವನಲ್ಲ. ಈ ಸಲ ನಕ್ಕ. ಬಾಯಿಯ ಒಂದು ಕಡೆ ಮಾತ್ರ ನಗುವ ನಗೆ.

“ನಾ ಏನ್ ಓಡಾಕ ಹೊಂಟೇನೇನವಾ? ಕುಂದ್ರಾಕ ಹೊಂಟೇನಿ. ಅವರ ಮನ್ಯಾಗ ಮಂದಿ ಭಾಳ ಅವಸರ ಮಾಡಾಕತ್ತಾರ. ಇವತ್ತ ಒಂದಿನಾ ತಡದ್ರ ಆತ ಉಳಿತಾನ.”

ನಾನು ಮತ್ತೆ ತಡೆಯಲಿಲ್ಲ. ತಡೆಯಬಹುದಿತ್ತು, ಆದರೆ ಅವನು ಏನನ್ನು ಕಾಪಾಡಲು ಹೊರಟಿದ್ದಾನೆಂದು ನನಗೆ ಗೊತ್ತಿತ್ತು. ನನ್ನ ಯಜಮಾನರಿಗೆ ಹೇಳಿ ಕಮಾನುಗಾಡಿ ತರಿಸಿ, ಒಳಗೆ ಗಾದಿ ಹಾಸಿ, ಒರಗಲು ದಿಂಬು ಇಟ್ಟು ಕೂಡ್ರಿಸಿದೆ. ಮೆಲ್ಲಗೆ ಹೊಡೆ ಎಂದು ಗಾಡಿಯವನಿಗೆ ಹೇಳುವ ಮುಂಚೆಯೇ ಇಮಾಮಸಾಬ ಹೇಳಿದ್ದ. ಆಡೂರಿನಲ್ಲಿ ಅಪ್ಪ ಸಂಜೆಯವರೆಗೂ ಗಿರಿಯಪ್ಪನ ಮಂಚದ ಪಕ್ಕದಲ್ಲಿ ಕುಳಿತಿದ್ದನಂತೆ. ಸವಣೂರಿಗೆ ತಿರುಗಿ ಹೋದ ಕೆಲವೇ ದಿನಗಳಲ್ಲಿ, ಒಂದು ಮುಂಜಾನೆ, ಹುಡುಗರು ಗರಡಿಯಲ್ಲಿ ಆಡುತ್ತಿರುವುದನ್ನು ನೋಡುತ್ತ ನೋಡುತ್ತ ಅವನ ಎದೆ ನಿಂತಿತು. ತಲೆ ವಾಲಿದ್ದನ್ನು ಕಂಡು, ವಸ್ತಾದರು ತೂಕಡಿಸುತ್ತಿದ್ದಾರೆಂದು ಹುಡುಗರು ಸದ್ದು ಕಡಿಮೆ ಮಾಡಿದರಂತೆ.

ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ನಮ್ಮ ಮನೆಯ ಮುಂದೆ ಗಾಡಿ ನಿಂತಿತು. ಒಬ್ಬ ನಡುವಯಸ್ಸಿನ ಮನುಷ್ಯ ಕೋಲು ಊರಿ ಇಳಿದ, ಎಡಗಾಲು ಎಳೆಯುತ್ತಿತ್ತು. ಮಗನನ್ನು ಹೆಗಲಿಗೆ ಹಾಕಿಕೊಂಡು ನಾನು ಬಾಗಿಲಿಗೆ ಬಂದೆ. ಅವನು ಹಿಂದೆ ಬಂದ ಹುಡುಗನ ಕೈಯಿಂದ ಹೊಸ ಅಕ್ಕಿಯ ಗಂಟನ್ನು ಇಸಿದುಕೊಂಡು ಹೊಸಿಲಿನ ಹತ್ತಿರ ಇಟ್ಟ. ಆಮೇಲೆ ಕಟ್ಟೆಯ ಮೇಲೆ ಕುಳಿತು ಅವಸರವಿಲ್ಲದೆ ಉಸಿರು ಕೂಡಿಸಿಕೊಂಡ. ನಾನು ನೀರು ತಂದುಕೊಟ್ಟೆ. ಕುಡಿದು, ತಂಬಿಗೆ ಕೆಳಗಿಟ್ಟು, ತಲೆ ಎತ್ತಿ ಕೇಳಿದ.

“ಆಡೂರ ಗಿರಿಯಪ್ಪರೀ ನಾ. ಫಕ್ಕೀರಪ್ಪ ಪೈಲವಾನ್ರ ಮಗಳು ನೀವ ಅಲ್ರಿ?”

“ಹೌದ್ರಿ,” ಎಂದೆ. “ನಾನ.”